ಅತ್ತೆಯ ‘ಕುಲ್ಲುಲೆ’

ನನ್ನ ಅತ್ತೆಯ ಮೊಣಕಾಲುಗಳು ಒಳಕ್ಕೆ ಬಾಗಿ, ನಡೆಯುವಾಗ ಒಂದಕ್ಕೊಂದು ಉಜ್ಜುತ್ತಿದ್ದವು. ಅವರ ಸೀರೆಗಳೆಲ್ಲ ಆ ಜಾಗದಲ್ಲೇ ಮೊದಲು ಸವೆಯುತ್ತಿದ್ದವು. ಉರ್ವದ ನಮ್ಮ ಮನೆಯಿಂದ ಬಸ್‌ಸ್ಟಾಪು ತಲಪುವಷ್ಟರಲ್ಲಿ ಅವರು ಎಲ್ಲಿಯಾದರೂ ಕೂರಲೇಬೇಕು. ಆದರೂ ಪ್ರತಿ ಶುಕ್ರವಾರ ಹೊರಡುತ್ತಿದ್ದರು. ಬಜಪೆಯಲ್ಲಿ ಅವರ ತಂಗಿ ಹಾಸಿಗೆ ಹಿಡಿದಿದ್ದರು. ಅಕ್ಕ ಬಂದು ತಲೆ ಬಾಚಿದ ದಿನ ಮಾತ್ರ ಆಕೆ ಹೊಟ್ಟೆ ತುಂಬ ಉಣ್ಣುತ್ತಿದ್ದರು.

ಮೊದಲು ಸ್ಟಾಪಿನ ಬದಿಯಲ್ಲಿ ಮುರಕಲ್ಲಿನ ಒಂದು ಹಳೆಯ ಕಟ್ಟೆ ಇತ್ತು. ಅತ್ತೆ ಅದರಲ್ಲಿ ಕೂತು, ಬಂದವರಿಗೆಲ್ಲ ಸರಿದು ಜಾಗ ಕೊಟ್ಟು ‘ಕುಲ್ಲುಲೆ’ ಎನ್ನುತ್ತಿದ್ದರು. ತುಳುವಿನಲ್ಲಿ ಮನೆಗೆ ಬಂದವರಿಗೆ ಕುಳಿತುಕೊಳ್ಳಿ ಎಂದು ಹೇಳುವ ಮಾತು ಅದು. ಬಂದವರು ನಿಂತಿರುವಾಗ ಮನೆಯವರು ಕೂತಿರಬಾರದು ಎಂಬ ಕ್ರಮ ಅವರ ರಕ್ತದಲ್ಲೇ ಇತ್ತು.

ಎಂಬತ್ತರ ದಶಕದ ಆರಂಭದಲ್ಲಿ ಆ ಕಟ್ಟೆಯನ್ನು ಒಡೆದು ತಂಗುದಾಣ ಕಟ್ಟಿದರು. ಅದರ ಚಂದ ಏನು ಹೇಳಲಿ! ಬಸ್ಸು ಬರುವ ದಿಕ್ಕಿಗೇ ಗೋಡೆ. ಒಳಗಿದ್ದವರಿಗೆ ಬಸ್ಸು ಕಾಣುವುದು ಅದು ಹೊರಡುವಾಗ. ಸಿಮೆಂಟಿನ ಬೆಂಚು ಅಗಲವೂ ಇಲ್ಲ, ಮುಂದಕ್ಕೆ ಇಳಿಜಾರು ಬೇರೆ.

ಕಟ್ಟಿಸಿದ ಗುತ್ತಿಗೆದಾರರು ಒಮ್ಮೆ ಅಲ್ಲೇ ಸಿಕ್ಕಿದರು.

“ಇದೆಂತ ಮಾರಾಯ, ಬೆಂಚಾ ಜಾರುಬಂಡಿಯಾ?” ಎಂದರು ಅತ್ತೆ.

“ಮಟ್ಟ ಮಾಡಿದ್ರೆ ಭಿಕ್ಷುಕರು ಮಲಗ್ತಾರೆ ಅಮ್ಮ.”

“ಈಗ ಅವರೂ ಮಲಗುದಿಲ್ಲ, ನಾವೂ ಕೂರುದಿಲ್ಲ. ಮತ್ತೆ ಯಾರಿಗೆ ಕಟ್ಟಿದ್ದು, ಕಾಗೆಗಾ?”

ಅವರು ನಕ್ಕು “ನೋಡುವ” ಎಂದರು. ನೋಡಿಯೂ ನೋಡಿದರು. ಕೆಲವೇ ದಿನಗಳಲ್ಲಿ ಬೆಂಚಿನ ಮೇಲೆ ಗೇಣಿಗೊಂದರಂತೆ ಕಬ್ಬಿಣದ ಸರಳು ಎದ್ದಿತ್ತು. ಅಮ್ಮನ ದೂರು ಭಿಕ್ಷುಕರ ಮೇಲೆ ಎಂದು ತಿಳಿದುಕೊಂಡರಂತೆ.

ರಜೆಯಲ್ಲಿ ಬಂದ ನನ್ನ ಗಂಡ ಗಲ್ಫಿನಿಂದ ಒಂದು ಮಡಚುವ ಕುರ್ಚಿ ತಂದರು. ಶುಕ್ರವಾರ ಅದನ್ನು ಹೊತ್ತು ಅತ್ತೆಯನ್ನು ಬಸ್ಸು ಹತ್ತಿಸುವುದು ನನ್ನ ಕೆಲಸ. ಅತ್ತೆ ಕುರ್ಚಿ ಬಿಡಿಸಿದರು, ಪಕ್ಕದಲ್ಲಿ ನಿಂತಿದ್ದ ಮೀನು ಮಾರುವ ಹೆಂಗಸಿಗೆ ‘ಕುಲ್ಲುಲೆ’ ಎಂದರು. ಆಕೆ ಕೂತರು, ಅತ್ತೆ ನಿಂತರು. ಇನ್ನೊಂದು ಶುಕ್ರವಾರ ಕೋಣನ ಹಾಗಿದ್ದ ಕಾಲೇಜು ಹುಡುಗನನ್ನು ಕೂರಿಸಿದರು!

“ಅತ್ತೆ, ಕುರ್ಚಿ ತಂದದ್ದು ನಿಮಗೆ.”

“ಅವ ನಿಂತಿರುವಾಗ ನಾನು ಕೂರುದಾ? ಕುರ್ಚಿ ನಮ್ಮದಲ್ವಾ ಮಗಾ.”

ನನಗೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತಿತ್ತು. ಕಟ್ಟೆ ಯಾರದ್ದೂ ಅಲ್ಲದ್ದರಿಂದ ಎಲ್ಲರ ಜೊತೆ ಅವರೂ ಕೂರುತ್ತಿದ್ದರು. ಕುರ್ಚಿ ನಮ್ಮದಾದದ್ದೇ ತಪ್ಪಾಯಿತು.

ಮಳೆಗಾಲದ ಒಂದು ಶುಕ್ರವಾರ ಕುರ್ಚಿಯಲ್ಲಿ ಯಾರೋ ಕೂತಿದ್ದರು. ಅತ್ತೆ ಆ ಗೋಡೆಗೆ ಒರಗಿ ನಿಂತಿದ್ದರು. ಬಸ್ಸು ಬಂದದ್ದು ಕಾಣಲಿಲ್ಲ. ನಾವು ಹೊರಗೆ ಬರುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿಯಾಗಿತ್ತು. ಇನ್ನೊಂದು ಬಸ್ಸಿಗೆ ಕಾಯಲು ಕಾಲು ಒಪ್ಪಲಿಲ್ಲ. ಮನೆಗೆ ಮರಳುತ್ತ, “ಬರುವ ಶುಕ್ರವಾರ ಅವಳಿಗೆ ಎರಡು ಜಡೆ ಹಾಕ್ತೇನೆ” ಎಂದರು. ಆ ಶುಕ್ರವಾರಕ್ಕೆ ಮೊದಲೇ ತಂಗಿ ತೀರಿಕೊಂಡರು.

ಆಮೇಲೆ ಅತ್ತೆ ಬಸ್ಸು ಹತ್ತಲಿಲ್ಲ. ಆದರೆ ದಿನಾ ಬೆಳಿಗ್ಗೆ ಕುರ್ಚಿಯನ್ನು ಸ್ಟಾಪಿನಲ್ಲಿ ಇಟ್ಟು ಬರಲು ನನ್ನನ್ನು ಕಳಿಸುತ್ತಿದ್ದರು. ಕಳ್ಳರ ಪಾಲಾಗುತ್ತದೆ ಎಂದರೆ ಕೇಳುವವರಲ್ಲ. ಹಾಗೆಯೇ ಆಯಿತು.

“ಹೋಗಲಿ,” ಎಂದರು. “ಎಲ್ಲಿಯೋ ಒಬ್ಬರು ಕೂತಿದ್ದಾರಲ್ಲ.”

ಅತ್ತೆ ಹೋಗಿ ಇನ್ನೂ ತಿಂಗಳಾಗಿಲ್ಲ. ಸಾವಿನ ಮನೆಯಲ್ಲಿ ಬಂದವರನ್ನು ಕುಳಿತುಕೊಳ್ಳಿ ಎಂದು ಉಪಚರಿಸುವ ಕ್ರಮವಿಲ್ಲ. ಆ ದಿನ ಜನ ಅಂಗಳದಲ್ಲಿ ನಿಂತೇ ಇದ್ದರು. ಅತ್ತೆಯ ಮೊಣಕಾಲುಗಳನ್ನು ಯಾರೋ ನೇರ ಮಾಡಿದ್ದರು. ಆ ಮೀನಿನ ಹೆಂಗಸು ಕಂಬ ಹಿಡಿದು, ಏದುಸಿರು ಬಿಡುತ್ತ ಜಗಲಿಯ ಮೇಲೆ ಬಂದರು. ನನ್ನ ಬಾಯಿಂದ ‘ಕುಲ್ಲುಲೆ’ ಎಂದು ಬಂದುಬಿಟ್ಟಿತು. ಹಿರಿಯರು ತಿರುಗಿ ನನ್ನನ್ನು ದಿಟ್ಟಿಸಿದರು.

ಆಕೆ ಕೂತರು.