ಟೋಪಿಗಳು ತಲೆಗೇರುವ ಮುನ್ನ

ಹತ್ತಿಗಿರಣಿಯ ಮಗ್ಗಗಳ ನಡುವೆ ದುಡಿದು ದುಡಿದು ಓರಿನ್ ಲೆಡ್‌ಬೆಟರ್‌ನ ಕಿವಿ ಮಂದವಾಗಿತ್ತು. ಎದುರಿಗಿದ್ದವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದ. ಕ್ಯಾರೊಲಿನಾದ ಆ ಕೆಮ್ಮಣ್ಣಿನ ಸೀಮೆಯಲ್ಲಿ ಶನಿವಾರ ಬಂತೆಂದರೆ ಗಿರಣಿಯವರೆಲ್ಲ ಕಾರು ರೇಸಿನ ಮೈದಾನದಲ್ಲಿರುತ್ತಿದ್ದರು. ಉಳಿದ ಮೆಕ್ಯಾನಿಕ್‌ಗಳು ಎಂಜಿನ್ನಿನ ದನಿ ಕೇಳಿ ಕಾಯಿಲೆ ಹೇಳಿದರೆ, ಓರಿನ್ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಪಿಂಗಾಣಿಯ ಬಣ್ಣ ನೋಡುತ್ತಿದ್ದ. ಕಂದಾಗಿದ್ದರೆ ಸರಿ. ಕಪ್ಪಾದರೆ ಪೆಟ್ರೋಲ್ ಹೆಚ್ಚು. ಬಿಳಿಯಾಗಿಯೇ ಉಳಿದರೆ ಪೆಟ್ರೋಲ್ ಸಾಲದು, ಪಿಸ್ಟನ್ ಸುಡುತ್ತದೆ.

ಹೋದ ವರ್ಷ ಸುಟ್ಟೇ ಹೋಗಿತ್ತು. ತುದಿವೇಗದಲ್ಲಿ ಇನ್ನಷ್ಟು ಕಸುವು ಬರಲೆಂದು ಓರಿನ್ ಕಾರ್ಬ್ಯುರೇಟರ್‌ಗೆ ಚಿಕ್ಕ ತೂತಿನ ಜೆಟ್ ಹಾಕಿದ್ದ. ಪೆಟ್ರೋಲನ್ನು ಅಳೆದು ಬಿಡುವ ಹಿತ್ತಾಳೆಯ ಚೂರು ಅದು. ಓಟದ ನಡುವೆ ಪಿಸ್ಟನ್ ಸುಟ್ಟು ಎಂಜಿನ್ ಬಿಗಿದು ನಿಂತು, ಕಾರು ಓಡಿಸುತ್ತಿದ್ದ ತಮ್ಮ ವೆಂಡೆಲ್ ಗೋಡೆಗೆ ಬಡಿದ. ಮುರಿದ ಕಾಲು ಕೂಡಿತು, ಕುಂಟು ಉಳಿಯಿತು. ಅಣ್ಣತಮ್ಮಂದಿರು ಅದರ ಮಾತೆತ್ತಲಿಲ್ಲ.

ಈ ಶನಿವಾರ ಉರಿಬಿಸಿಲಲ್ಲಿ ಪರೀಕ್ಷೆಗೆ ಓಡಿಸಿದಾಗ ನೇರದಾರಿಯ ಕೊನೆಯಲ್ಲಿ ಕಾರು ಮಂಕಾಗುತ್ತಿತ್ತು. ಪ್ಲಗ್ ಕಪ್ಪಾಗಿತ್ತು. ಓರಿನ್ ಒಂದಿಷ್ಟೇ ಚಿಕ್ಕ ಜೆಟ್‌ಗಳನ್ನು ಹಾಕಿದ. ಈಗ ಪ್ಲಗ್ ಕಂದು.

"ಕೊನೇವರೆಗೂ ಎಳೀತದೆ," ಅಂದ ವೆಂಡೆಲ್.

ಪಕ್ಕದ ಕಾರಿನ ಬಕ್ ಬೇಕೆಂದೇ ಓರಿನ್‌ನ ಎದುರಿಗೆ ಬಂದು ನಿಂತ. "ಗೋಡೆಗೆ ಹೊಸದಾಗಿ ಸುಣ್ಣ ಹೊಡ್ದಿದಾರೆ. ನಿನ್ ತಮ್ಮಂಗೆ ಹೇಳು, ಈ ಸಲ ಮೈ ಉಜ್ಜೋದು ಬೇಡ ಅಂತ."

ಹೊತ್ತು ಮುಳುಗುವಾಗ ವೆಂಡೆಲ್ ಮೊದಲ ಓಟ ಮುಗಿಸಿ ಬಂದ. ಮುಖ್ಯ ಓಟಕ್ಕೆ ಕಾರುಗಳು ಸಾಲುಗಟ್ಟಿದವು. ಓರಿನ್ ಮಡ್‌ಗಾರ್ಡಿನ ಮೇಲೆ ಕೈಯಿಟ್ಟ. ಸಂಜೆಯ ಇಬ್ಬನಿಗೆ ತೇವವಾಗಿತ್ತು. ಗಾಳಿ ತಂಪಾದರೆ ದಟ್ಟವಾಗುತ್ತದೆ, ದಟ್ಟಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು. ಬಿಸಿಲಿಗೆ ಹೊಂದಿದ ಜೆಟ್ ಸಂಜೆಗೆ ಸಾಲದು. ಪ್ಲಗ್ ಬಿಚ್ಚಿ ನೋಡಿದ. ಸುಣ್ಣದ ಬಿಳುಪು.

"ಇಳಿ. ಓಡಿಸ್ಬೇಡ."

"ಈಗ ಇಳಿದ್ರೆ ಬಕ್ ಸಾಯೋವರೆಗೂ ಆಡ್ಕೋತಾನೆ. ಜೆಟ್ ಬದ್ಲಾಯ್ಸು."

ಅಷ್ಟರಲ್ಲಿ ಎಲ್ಲರ ಟೋಪಿಗಳೂ ಕೆಳಗಿಳಿದವು. ಪಾದ್ರಿ ಬ್ರದರ್ ಟಾಲಿವರ್ ಮೈಕಿನ ಮುಂದೆ ನಿಂತಿದ್ದರು. ಪ್ರಾರ್ಥನೆಯ ಹೊತ್ತಿಗೆ ಆ ಮೈದಾನದಲ್ಲಿ ಯಾರೂ ಸ್ಪ್ಯಾನರ್ ಮುಟ್ಟಿದ್ದಿಲ್ಲ. ಓರಿನ್ ಅದೇ ಪಾದ್ರಿಯ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿಯುವವನು. ಆಮೆನ್ ಆದಮೇಲೆ ಓಟ ಶುರುಮಾಡುವ ಬಾವುಟ ಬೀಳುತ್ತದೆ.

ಅವನು ಟೋಪಿ ತೆಗೆದಿಟ್ಟು ಬಾನೆಟ್ ಎತ್ತಿದ.

ಕಾರ್ಬ್ಯುರೇಟರ್‌ನ ಪೆಟ್ರೋಲ್ ಬಟ್ಟಲು ಬಿಚ್ಚಿದ. ಚೆಲ್ಲಿದ ಪೆಟ್ರೋಲ್ ಕಾದ ಕಬ್ಬಿಣಕ್ಕೆ ತಾಗದಂತೆ ಚಿಂದಿ ಒತ್ತಿದ. ಪ್ರಾರ್ಥನೆ ಎಲ್ಲಿಗೆ ಬಂತೆಂದು ಅವನಿಗೆ ಕೇಳಿಸುವಂತಿರಲಿಲ್ಲ. ಸ್ಕ್ರೂವಿನ ಒಂದು ತಿರುವಿಗೊಮ್ಮೆ ತಲೆಯೆತ್ತಿ ಜನರ ಕೈಯಲ್ಲಿದ್ದ ಟೋಪಿಗಳನ್ನು ನೋಡಿದ. ಇನ್ನೂ ಕೆಳಗೇ ಇದ್ದವು. ಜೆಟ್‌ಗಳನ್ನು ತುಂಬಿಟ್ಟಿದ್ದ ನಶ್ಯದ ಡಬ್ಬಿಯಿಂದ ದೊಡ್ಡ ಜೆಟ್ ತೆಗೆದು ಕೂರಿಸಿದ. ಎರಡನೆಯದು ಬೆರಳಿಂದ ಜಾರಿ ರೇಡಿಯೇಟರ್ ಹತ್ತಿರ ನಿಂತಿತು. ಎತ್ತಿಕೊಂಡ. ಮುಂದಿನ ಸಾಲಿನ ಮುದುಕಿಯೊಬ್ಬಳು ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಟೋಪಿಗಳು ಇನ್ನೂ ಕೆಳಗೇ. ಬಟ್ಟಲಿನ ಕೊನೆಯ ಸ್ಕ್ರೂ ಬಿಗಿದು ಬಾನೆಟ್ ಇಳಿಸುವಾಗ ಟೋಪಿಗಳು ಒಟ್ಟಿಗೇ ತಲೆಗೇರಿದವು.

ಓಟವಿಡೀ ಓರಿನ್ ಬೇಲಿಯ ತಂತಿ ಹಿಡಿದು ನಿಂತಿದ್ದ. ವೆಂಡೆಲ್‌ನ ಕಾರು ಹಾದಾಗಲೆಲ್ಲ ತಂತಿ ಅಂಗೈಯಲ್ಲಿ ನಡುಗುತ್ತಿತ್ತು. ಸುಣ್ಣದ ಗೋಡೆಯ ಹತ್ತಿರ ಪ್ರತಿ ಸಲವೂ ಉಸಿರು ಬಿಗಿಹಿಡಿದ. ಬಕ್ ಗೆದ್ದ. ವೆಂಡೆಲ್ ಅವನ ಬೆನ್ನಿಗೇ ಬಂದ.

ಪ್ಲಗ್ ಕಂದಾಗಿತ್ತು.

"ಬ್ರದರ್ ಟಾಲಿವರ್ ಇವತ್ತು ಗವರ್ನರ್ ಹಲ್ಲುನೋವಿಗೂ ಪ್ರಾರ್ಥನೆ ಮಾಡಿದ್ರು," ಅಂದ ವೆಂಡೆಲ್. "ಆಮೇಲೆ ಗವರ್ನರ್ ಹಸುವಿಗೆ."

"ಯಾಕೆ?"

"ಅವರ ಒಂದು ಕಣ್ಣು ನಿನ್ ಮೇಲೇ ಇತ್ತು. ನೀನು ಬಾನೆಟ್ ಇಳಿಸೋವಾಗ್ಲೇ ಆಮೆನ್ ಅಂದಿದ್ದು."

ಓರಿನ್ ಪ್ಲಗ್ ಒರೆಸಿಟ್ಟ. ಬಳಿಕ ತಮ್ಮನ ತುಟಿಯತ್ತ ನೋಡುತ್ತ, ವರ್ಷದಿಂದ ಕೇಳದಿದ್ದುದನ್ನು ಕೇಳಿದ.

"ಕಾಲು ನೋಯ್ತದಾ?"

"ಕ್ಲಚ್ ಒತ್ತಿದಾಗ," ಅಂದ ವೆಂಡೆಲ್, ನಿಧಾನವಾಗಿ, ಅಣ್ಣನಿಗೆ ಕಾಣುವಂತೆ.