ಕಾರಿಗೆ ಬಲ ಬಂತು, ಭಾವ ಮೂಟೆ ಹೊತ್ತರು

ಮೊನ್ನೆ ಮಿಡಿಗೇಶಿ ಹತ್ತಿರದ ಏರಿನಲ್ಲಿ ನನ್ನ ಭಾವ ಕಡಲೆಕಾಯಿ ಮೂಟೆ ಹೊತ್ತು ನಡೆದರು.

ಭಾವ ಎಂದರೆ ಯಾರೋ ಸಾಮಾನ್ಯರು ಎಂದುಕೊಳ್ಳಬೇಡಿ. ವೈ.ಎನ್. ಹೊಸಕೋಟೆಯಲ್ಲಿ ಕಡಲೆಕಾಯಿ ಮಂಡಿ ಇಟ್ಟವರು. ಮೂಟೆ ಎಣಿಸುವುದು ಅವರ ಕೆಲಸ, ಹೊರುವುದಲ್ಲ. ಅಂಥವರು ಜರಿಪೇಟವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮೂಟೆಯನ್ನು ಹೆಗಲಿಗೇರಿಸಿ, ಏದುಸಿರು ಬಿಡುತ್ತ ಬರುತ್ತಿದ್ದರು. ಮುಂದೆ ನನ್ನ ಕಾರು. ಅದರ ಹಿಂದಿನ ಸೀಟಿನಲ್ಲಿ ಮಹಾರಾಣಿಯಂತೆ ಒಬ್ಬಳೇ ಕೂತವಳು ಅವರ ಹೆಂಡತಿ, ನನ್ನ ಅಕ್ಕ.

ಇಷ್ಟಕ್ಕೆಲ್ಲ ಕಾರಣ? ನನ್ನ ಕಾರಿಗೆ ಹೊಸದಾಗಿ ಬಂದ ಬಲ!

ನನ್ನ ಕಾರನ್ನು ನಿಮ್ಮಲ್ಲಿ ಕೆಲವರಾದರೂ ನೋಡಿದ್ದೀರಿ. ಮಧುಗಿರಿಯ ಕೋರ್ಟಿನ ಮುಂದೆ ಹುಣಸೆಮರದ ನೆರಳಲ್ಲಿ ನಿಲ್ಲುವ ಬೇಬಿ ಕಾರು. (ಕಕ್ಷಿದಾರರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನ ಫೀಜಿನಲ್ಲಿ ಚೌಕಾಸಿಗೆ ಇಳಿಯುತ್ತಾರೆ.) ಕಡಿಮೆ ಬೆಲೆಗೆ ಬಂತು, ಕಡಿಮೆ ಪೆಟ್ರೋಲ್ ಕುಡಿಯುತ್ತದೆ. ಸಮನೆಲದಲ್ಲಿ ಬಲು ಸಾಧು. ಏರು ಕಂಡರೆ ಮಾತ್ರ ಹಠ ಹಿಡಿಯುತ್ತದೆ. ಹಾಗಾಗಿ ನಮ್ಮ ಮನೆಯಲ್ಲೊಂದು ಪದ್ಧತಿ ಬೆಳೆದಿದೆ. ಏರು ಬಂದ ಕೂಡಲೇ ನನ್ನನ್ನು ಬಿಟ್ಟು ಉಳಿದವರೆಲ್ಲ ಇಳಿಯುವುದು! ಯಾರೂ ಹೇಳಬೇಕಾಗಿಲ್ಲ. ನನ್ನ ಮನೆಯಾಕೆ ಸೆರಗು ಸಿಕ್ಕಿಸಿಕೊಂಡು ತಾನೇ ಇಳಿಯುತ್ತಾಳೆ, ನಡೆದು ಮೇಲೆ ಬರುತ್ತಾಳೆ. ಎಷ್ಟೋ ಸಲ ಕಾರಿಗಿಂತ ಮೊದಲೇ ಬಂದು ಕಾಯುತ್ತಿರುತ್ತಾಳೆ.

ಕಷ್ಟವಾದದ್ದು ಅಕ್ಕನ ವಿಷಯದಲ್ಲಿ.

ಗಂಗಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಮಂಡಿಗೆ ಪೆಟ್ಟು ಮಾಡಿಕೊಂಡಿದ್ದಾಳೆ. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಾಳೆ, ಏರು ಹತ್ತಲಾರಳು. ಎತ್ತಿನ ಗಾಡಿಯ ಕುಲುಕಾಟಕ್ಕೆ ಮಂಡಿ ಊದಿಕೊಳ್ಳುತ್ತದೆ. ಬಸ್ಸಿನ ಮೆಟ್ಟಿಲಿಗೆ ಕಾಲು ಎತ್ತಲಾಗದು. ಇತ್ತ ಮಧುಗಿರಿಯಲ್ಲಿ ನಮ್ಮ ಅವ್ವನ ಕಣ್ಣಿಗೆ ಪೊರೆ. ದಿನೇ ದಿನೇ ಮಂಜಾಗುತ್ತಿದೆ. ಬೆಳಿಗ್ಗೆ ಎದ್ದರೆ ಅವ್ವನದು ಒಂದೇ ಮಾತು: "ಕಣ್ಣು ಪೂರಾ ಹೋಗೋದ್ರೊಳಗೆ ಗಂಗೀನ ಒಂದ್ಸಲ ನೋಡ್ಬುಡ್ಬೇಕು ಕಣ್ಲಾ."

ಒಮ್ಮೆ ಪ್ರಯತ್ನ ಮಾಡಿದ್ದೆ. ಅಕ್ಕನನ್ನು ಕೂರಿಸಿಕೊಂಡು ಹೊಸಕೋಟೆಯಿಂದ ಹೊರಟೆ. ಮಿಡಿಗೇಶಿ ಏರಿನ ಅರ್ಧದಲ್ಲಿ ಕಾರು ನಿಂತಿತು. ಆಮೇಲೆ ಹಿಂದಕ್ಕೆ ಜಾರತೊಡಗಿತು. ಅಲ್ಲೇ ಕುರಿ ಕಾಯುತ್ತಿದ್ದವರು ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟು ಉಳಿಸಿದರು. ಅಕ್ಕ ಅಳುತ್ತ ಹೊಸಕೋಟೆಗೆ ವಾಪಸಾದಳು. ನಾನು ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕೂತಿದ್ದಳು. ಒಬ್ಬನೇ ಇಳಿದದ್ದು ಗೊತ್ತಾದ ಕೂಡಲೇ ಎದ್ದು, ತಡವರಿಸಿಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು.

ಮಾರನೆಯ ವಾರವೇ ಕಾರು ತೆಗೆದುಕೊಂಡು ಶಿರಾಕ್ಕೆ ಹೋದೆ.

ಶಿರಾದ ಖಾದರ್ ಮಿಸ್ತ್ರಿ ಮಾತಿನಲ್ಲೂ ಜೋರು, ಕೆಲಸದಲ್ಲೂ ಜೋರು. (ಎರಡೂ ಒಬ್ಬರಲ್ಲೇ ಇರುವುದು ಅಪರೂಪ. ನಮ್ಮ ವಕೀಲರಲ್ಲಿ ಹುಡುಕಿ ನೋಡಿ.) ಬಾನೆಟ್ ಎತ್ತಿದವರೇ, "ಇದು ಎಂಜಿನ್ನಾ ಸ್ವಾಮಿ, ಹೊಲಿಗೆ ಮಿಷನ್ನಾ?" ಎಂದರು. "ನನ್ ಕೈಗೆ ಬುಟ್ಟೋಗಿ. ಹುಲಿ ಮಾಡಿ ಕೊಡ್ತೀನಿ."

ಏನು ಮಾಡಿದರು? ಎಂಜಿನ್ನಿನ ಮೇಲಿನ ಮುಚ್ಚಳ ಇರುತ್ತದಲ್ಲ, ಹೆಡ್ಡು ಎನ್ನುತ್ತಾರೆ, ಅದನ್ನು ಬಿಚ್ಚಿದರು. ಸಮತಟ್ಟಾದ ಕಲ್ಲುಚಪ್ಪಡಿಯ ಮೇಲೆ ಎಣ್ಣೆ, ಎಮರಿ ಪುಡಿ ಸುರಿದು ಅದರ ತಳವನ್ನು ಉಜ್ಜಿ ಉಜ್ಜಿ ಸವೆಸಿದರು. ಒಳಗೆ ಜಾಗ ಕಿರಿದಾದಷ್ಟೂ ಪೆಟ್ರೋಲಿನ ಆವಿ ಇಕ್ಕಟ್ಟಿಗೆ ಸಿಕ್ಕಿ ಜೋರಾಗಿ ಒದೆಯುತ್ತದಂತೆ. ಎಂಜಿನ್ನಿಗೆ ಪೆಟ್ರೋಲ್ ಉಣಿಸುವ ಕಾರ್ಬುರೇಟರ್ ಕಿತ್ತು ದೊಡ್ಡ ಕಾರಿನದೊಂದನ್ನು ಕೂರಿಸಿದರು. ಇದನ್ನೆಲ್ಲ ಮನೆಯಲ್ಲಿ ಉತ್ಸಾಹದಿಂದ ವಿವರಿಸಿದೆ.

"ಇದ್ದ ಒಂದು ಕಾರನ್ನೂ ಕಲ್ಲಿನ ಮೇಲೆ ಅರೆಯಕ್ಕೆ ಕೊಟ್ಟು ಬಂದ್ರಾ?" ಎಂದಳು ಮನೆಯಾಕೆ.

ಆದರೆ ಕಾರು ವಾಪಸ್ ಬಂತು ನೋಡಿ, ಅದರ ಗತ್ತೇ ಬೇರೆ! ಸದ್ದಿಗೆ ಬೀದಿಯ ಕೋಳಿಗಳೆಲ್ಲ ಗೋಡೆ ಹತ್ತಿದವು. ಪೆಟ್ರೋಲ್ ಮಾತ್ರ ಮೊದಲಿಗಿಂತ ಹೆಚ್ಚು ಬೇಕು. ಇರಲಿ, ಬಲ ಬಿಟ್ಟಿ ಬರುತ್ತದೆಯೇ? ಮಿಸ್ತ್ರಿ ಕೀಲಿ ಕೈಗೆ ಕೊಡುವಾಗ ಒಂದು ಮಾತು ಹೇಳಿದ್ದರು: "ತಾಕತ್ ಕೊಟ್ಟಿದೀನಿ ಸ್ವಾಮಿ. ಯಾರ್ಗೂ ಹೇಳ್ಬೇಡಿ. ಹೇಳಿದ್ರೆ ಲಗೇಜ್ ಬರ್ತದೆ."

ಮೊನ್ನೆ ಅಕ್ಕನನ್ನು ಕರೆತರಲು ಒಬ್ಬನೇ ಹೊರಟೆ. ಏರು ಬಂದದ್ದೇ ತಿಳಿಯಲಿಲ್ಲ. ದಾರಿಯಲ್ಲಿ ಸ್ವಲ್ಪ ದೂರ ಮದ್ರಾಸ್ ಪ್ರಾಂತ್ಯದವರ ನೆಲ, ಮತ್ತೆ ನಮ್ಮ ಮಹಾರಾಜರ ನೆಲ. (ಧೂಳು ಎರಡು ಕಡೆಯೂ ಒಂದೇ ರುಚಿ.) ಹೊಸಕೋಟೆಯಲ್ಲಿ ಭಾವ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಏಮಿ ವಕೀಲ್ರೇ, ಸದ್ದು ಲಾರಿ ಇದ್ದಂಗೈತೆ?"

ನನಗೆ ಬಾಯಿ ತಡೆಯಲಾಗಲಿಲ್ಲ. "ಡಬಲ್ ಬಲ ಮಾಡ್ಸಿದೀನಿ ಭಾವ!"

ಮುಗಿಯಿತು. ಭಾವ ಒಳಗೆ ತಿರುಗಿ, "ಲೇ, ಆ ಮೂಟೆಗಳ್ನ ತಗಂಬನ್ರೋ!" ಎಂದು ಕೂಗಿದರು. ಕಡಲೆಕಾಯಿ ಮೂಟೆ ಎರಡು ಬಂದವು. ಕುಂಬಳಕಾಯಿ ಬಂತು. ಹುಣಸೆಹಣ್ಣಿನ ಮಡಕೆ ಬಂತು. ತವರಿಗೆ ಹೋಗುವವಳನ್ನು ಬರಿಗೈಯಲ್ಲಿ ಕಳಿಸಿದರೆ ಗಂಡನ ಮನೆಯ ಮಾನ ಏನಾಗಬೇಕು? ಆಮೇಲೆ ಭಾವ ಹತ್ತಿದರು. ಅವರ ಹಿಂದೆ, ಮಧುಗಿರಿಯಲ್ಲಿ ಏನೋ ಕೆಲಸವಿದೆಯೆಂದು ಭಾವನ ಚಿಕ್ಕಪ್ಪ.

ಇದು ನಮ್ಮ ಜನರ ಗುಣ. ಎತ್ತಾಗಲಿ, ಸೊಸೆಯಾಗಲಿ, ಕಚೇರಿಯ ಗುಮಾಸ್ತನಾಗಲಿ, ಶಕ್ತಿ ಇದೆ ಎಂದು ತಿಳಿದರೆ ಸಾಕು, ಇನ್ನಷ್ಟು ಹೇರುತ್ತೇವೆ. ಇರುವ ಶಕ್ತಿಯಲ್ಲಿ ಒಂದಿಷ್ಟು ಸುಖವಾಗಿರಲೂ ಬೇಕು ಎಂದು ಯಾರಿಗಾದರೂ ಹೊಳೆದದ್ದುಂಟೇ?

ಏರು ಬಂತು. ಎಂಜಿನ್ ಕಟಕಟ ಹಲ್ಲು ಕಡಿಯಿತು. ರೇಡಿಯೇಟರಿನಿಂದ ಬುಸ್ಸೆಂದು ಹಬೆ ಎದ್ದಿತು. ಅಕ್ಕ ನನ್ನ ಭುಜ ಹಿಡಿದುಕೊಂಡು, "ಲೋ ರುದ್ರ, ಇವತ್ತೂ ಹಿಂದಕ್ಕೋಗ್ತೈತೇನೋ?" ಎಂದಳು. ಬ್ರೇಕ್ ಎಳೆದು ನಿಲ್ಲಿಸಿ, ಎಲ್ಲರೂ ಇಳಿಯಿರಿ ಎಂದೆ.

"ಡಬಲ್ ಬಲ ಅಂದ್ಯಲ್ಲಯ್ಯ?" ಎನ್ನುತ್ತ ಭಾವ ಇಳಿದರು. ಚಿಕ್ಕಪ್ಪ ಇಳಿದರು. ಎಂಜಿನ್ನಿಗೆ ಉಸಿರಾಡಲು ಬಿಟ್ಟು, ನೀರು ಹಾಕಿ ಹೊರಡಿಸಿದರೂ ಕಾರು ಅಲುಗಲೊಲ್ಲದು. ಆಗ ಭಾವ ಒಂದು ಸಲಹೆ ಕೊಟ್ಟರು. ಅಕ್ಕ ಇಲ್ಲೇ ಕಲ್ಲಿನ ಮೇಲೆ ಕೂತಿರಲಿ, ಮೊದಲು ಮೂಟೆ ಮೇಲೆ ಹೋಗಲಿ!

"ನಾನು ಇಳಿಯಾಕಿಲ್ಲ," ಎಂದಳು ಅಕ್ಕ. "ಕಡ್ಲೆಕಾಯಿ ಇಳೀಲಿ. ನಮ್ಮವ್ವ ನೋಡ್ಬೇಕು ಅಂತಿರೋದು ನನ್ನ, ನಿಮ್ಮ ಕಡ್ಲೆಕಾಯ್ನಲ್ಲ."

ನಾನು ಕೋರ್ಟಿನಲ್ಲಿ ಇಷ್ಟು ವರ್ಷ ಮಾಡಿದ ಯಾವ ವಾದವೂ ಇಷ್ಟು ಬೇಗ ಗೆದ್ದಿಲ್ಲ. ಮೂಟೆಗಳು ಇಳಿದವು. ರಸ್ತೆಯಲ್ಲಿ ಬಿಟ್ಟುಹೋಗಲು ಭಾವನ ಮನಸ್ಸು ಒಪ್ಪದು, ಇನ್ನೊಂದು ಸಲ ಏರು ಇಳಿದು ಹತ್ತಿಸಲು ನನಗೆ ಧೈರ್ಯವಿಲ್ಲ. ಒಂದು ಮೂಟೆ ಭಾವನ ಹೆಗಲೇರಿತು. ಇನ್ನೊಂದನ್ನು ದಾರಿಹೋಕನೊಬ್ಬ ಹೊತ್ತ. ಕುಂಬಳಕಾಯಿ ಚಿಕ್ಕಪ್ಪನ ಪಾಲಿಗೆ. ಮಡಕೆ ಮಾತ್ರ ಅಕ್ಕನ ಕಾಲ ಬುಡದಲ್ಲೇ ಉಳಿಯಿತು.

ಫಸ್ಟ್ ಗೇರ್ ಹಾಕಿದೆ. ಅಕ್ಕ ಕಣ್ಣು ಮುಚ್ಚಿ "ಶಿವ ಶಿವ" ಎನ್ನತೊಡಗಿದಳು. ಹಿಂದೆ ಜಾರಿದ್ದ ಜಾಗ ಬಂತು. ದಾಟಿತು. ಮೇಲೆ ಬಂದೇ ಬಿಟ್ಟೆವು! ಅಕ್ಕ ಕಣ್ಣು ಬಿಟ್ಟು, ಹಿಂದಕ್ಕೆ ತಿರುಗಿ, ಮೂಟೆ ಹೊತ್ತ ಗಂಡನನ್ನು ಕಂಡು ಮಂಡಿ ನೋವೂ ಮರೆತು ನಕ್ಕಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಸ್ಟೀರಿಂಗನ್ನು ಒಮ್ಮೆ ಸವರಿದೆ ಎಂದರೆ ನಗಬೇಡಿ.

ಮನೆಯಲ್ಲಿ ಅವ್ವ ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿನ ಹತ್ತಿರಕ್ಕೆ ತಂದುಕೊಂಡು, ಬಹಳ ಹೊತ್ತು ನೋಡಿದಳು. ಆಮೇಲೆ, "ಎಷ್ಟು ಸೊರಗೋಗಿದೀಯ ಕಣಮ್ಮ!" ಎಂದಳು.

ಹಿಂದಿನ ಸೀಟನ್ನು ಪೂರ್ತಿ ತುಂಬಿ ಬಂದ ಅಕ್ಕ! ಅವ್ವನಿಗೆ ಕಣ್ಣು ಕಾಣುವುದಿಲ್ಲ ಎಂದವರು ಯಾರು? ತಾಯಿಗೆ ಕಾಣಬೇಕಾದದ್ದು ಸರಿಯಾಗಿಯೇ ಕಂಡಿದೆ. ಅಂದಿನಿಂದ ತಾಯಿ ಮಗಳಿಗೆ ಮಾತು ಮುಗಿದಿಲ್ಲ. ನಮ್ಮ ಮನೆ ಇಷ್ಟು ತುಂಬಿಕೊಂಡು ಯಾವ ಕಾಲವಾಗಿತ್ತೋ!

ನಾಳೆ ಅಕ್ಕ ಹೊರಡುತ್ತಾಳೆ. ಅವ್ವ ಬೆಳಗಿನಿಂದ ತಡಕಾಡಿ ತಡಕಾಡಿ ಕಟ್ಟಿಡುತ್ತಿದ್ದಾಳೆ. ಹುರಿಹಿಟ್ಟು, ಹಪ್ಪಳ, ಉಪ್ಪಿನಕಾಯಿ ಜಾಡಿ. ಈಗ ತಾನೇ ಹಿತ್ತಲಿನ ಒರಳುಕಲ್ಲನ್ನು ಮುಟ್ಟಿ ತೋರಿಸಿ, "ಇದ್ನೂ ಇಟ್ಬುಡ್ಲಾ. ಗಂಗಿ ಮನೇದು ನುಣ್ಣಗೆ ಅರೆಯಲ್ವಂತೆ. ಹೆಂಗೂ ನಿನ್ ಕಾರಿಗೆ ಬಲ ಬಂದೈತಲ್ಲ" ಎಂದಳು.

ಭಾವ ಆಗಲೇ ಬಸ್ಸಿನ ವೇಳೆ ವಿಚಾರಿಸಲು ಹೋಗಿದ್ದಾರೆ. ನೀವೇ ಹೇಳಿ, ನಾಳೆ ಏರಿನಲ್ಲಿ ಒರಳುಕಲ್ಲು ಹೊರುವವರು ಯಾರು?