ಸೆಲ್ಲೆಯಲ್ಲಿ ಎಲ್ಲಿ ಉಣ್ಣಬೇಕು

ಹ್ಯೂಸ್ಟನ್ನಿನ ಪಶ್ಚಿಮಕ್ಕಿರುವ ಕೇಟಿಯ ಕನ್ನಡದ ಮನೆಗಳಲ್ಲಿ ಯಾರಿಗಾದರೂ ಜರ್ಮನಿಯ ಸೆಲ್ಲೆ ಊರಿಗೆ ಹೋಗುವ ಆರ್ಡರ್ ಬಂತೆಂದರೆ, ಅವರು ಸೂಟ್‌ಕೇಸ್ ಇಳಿಸುವ ಮೊದಲು ಚನ್ನವೀರಪ್ಪನಿಗೆ ಫೋನ್ ಮಾಡುವುದು ರೂಢಿ. ಸೆಲ್ಲೆ ದೊಡ್ಡ ಊರೇನಲ್ಲ. ಒಂದು ಹಳೆಯ ಅರಮನೆ, ಒಂದು ಹೊಳೆ, ಮರದ ತೊಲೆಗಳನ್ನು ಗೋಡೆಯ ಹೊರಗೇ ತೋರಿಸಿಕೊಂಡು ನಿಂತ ಮನೆಗಳ ಸಾಲು. ಎಣ್ಣೆಬಾವಿ ಕೊರೆಯುವ ಉಪಕರಣಗಳ ಕಾರ್ಖಾನೆಗಳು ಅಲ್ಲಿದ್ದುದರಿಂದ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಎಂಬ ಭಾಗದ ಎಣ್ಣೆ ಕಂಪನಿಗಳು ತಮ್ಮ ಎಂಜಿನಿಯರುಗಳನ್ನು ಆರು ತಿಂಗಳಿಗೋ ವರ್ಷಕ್ಕೋ ಅಲ್ಲಿಗೆ ಅಟ್ಟುತ್ತಿದ್ದವು. ಹೋಗುವವರಿಗೆ ಕೆಲಸದ ಚಿಂತೆ ಇರುತ್ತಿರಲಿಲ್ಲ, ಊಟದ ಚಿಂತೆ ಇರುತ್ತಿತ್ತು. ಅದರಲ್ಲೂ ಬಾಗಲಕೋಟೆ, ವಿಜಯಪುರ ಕಡೆಯ, ಮಾಂಸ ಮೊಟ್ಟೆ ಮುಟ್ಟದ ಲಿಂಗಾಯತರ ಮನೆಯವರಿಗೆ.

ಚನ್ನವೀರಪ್ಪ 2006ರಿಂದ ಎರಡು ವರ್ಷ ಸೆಲ್ಲೆಯಲ್ಲಿದ್ದ. ಮಗಳ ಶಾಲೆ ತಪ್ಪಬಾರದೆಂದು ಹೆಂಡತಿ ಜಯದೇವಿ ಕೇಟಿಯಲ್ಲೇ ಉಳಿದಿದ್ದಳು. ಅಡುಗೆ ಬಾರದ ಈ ಮನುಷ್ಯ ಒಂದೊಂದೇ ಹೋಟೆಲಿನ ಬಾಗಿಲು ತಟ್ಟಿ, 'ಮಾಂಸ ಇಲ್ಲ ತಾನೆ?' ಎಂಬ ಒಂದೇ ಜರ್ಮನ್ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು, ಎರಡು ವರ್ಷದಲ್ಲಿ ಏಳು ಹೋಟೆಲುಗಳನ್ನು ಗೆದ್ದ. ಗೆದ್ದ ಎನ್ನುವುದು ಅವನದೇ ಮಾತು. ವಾಪಸ್ಸು ಬಂದವನೇ ದುಂಡಗಿನ ಕನ್ನಡ ಅಕ್ಷರದಲ್ಲಿ ನಾಲ್ಕು ಪುಟ ಬರೆದ. ಯಾವ ಓಣಿಯಲ್ಲಿ ಹಸಿರು ಬಾಗಿಲು, ಎಲ್ಲಿ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆಯ ಜೊತೆ ಗಟ್ಟಿ ಮೊಸರು ಸಿಗುತ್ತದೆ, ಎಲ್ಲಿಯ ಸೂಪಿನಲ್ಲಿ ಹಂದಿಯ ಚೂರು ಕದ್ದು ಕೂತಿರುತ್ತದೆ, ಯಾವ ಮಾಲೀಕನ ಹೆಂಡತಿ ಕೇಳದೆಯೇ ಮೆಣಸಿನಪುಡಿಯ ಡಬ್ಬಿ ತಂದಿಡುತ್ತಾಳೆ, ಎಲ್ಲವೂ ಅದರಲ್ಲಿದ್ದವು.

ಆ ಪುಟಗಳನ್ನು ಅವನು ಯಾರಿಗೂ ಈಮೇಲ್ ಮಾಡುತ್ತಿರಲಿಲ್ಲ. ಹೋಗುವವರು ಭಾನುವಾರ ಅವನ ಮನೆಗೆ ಬರಬೇಕು. ಜಯದೇವಿ ಬಡಿದ ಜೋಳದ ರೊಟ್ಟಿ, ಎಣ್ಣೆಗಾಯಿ ಉಣ್ಣಬೇಕು. ಆಮೇಲೆ ಚನ್ನವೀರಪ್ಪ ಕನ್ನಡಕ ಏರಿಸಿ ನಾಲ್ಕೂ ಪುಟ ಓದಿ, ವಿವರಿಸಿ, ಜೆರಾಕ್ಸ್ ಪ್ರತಿಯನ್ನು ಕೈಗಿಡುತ್ತಿದ್ದ. ಹೀಗೆ ಹನ್ನೊಂದು ಮನೆಯವರು ಅವನ ಮಾತಿನ ಮೇಲೆ ಸೆಲ್ಲೆಯಲ್ಲಿ ಉಂಡು ಬಂದಿದ್ದರು. ಬಂದವರು "ನೀವ್ ಹೇಳಿದ್ದು ಖರೇ ಐತ್ರಿ ಅಣ್ಣಾರ" ಎಂದರೆ ಅವನಿಗೆ ಆ ಖುಷಿ ವಾರಗಟ್ಟಲೆ ಸಾಕಾಗುತ್ತಿತ್ತು. ಆಫೀಸಿನಲ್ಲಿ ಹದಿನೇಳು ವರ್ಷ ದುಡಿದರೂ ಅವನ ಕೈಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವನ ನಂತರ ಬಂದವರು ಅವನಿಗೇ ಮ್ಯಾನೇಜರ್ ಆಗಿದ್ದರು. ಸೆಲ್ಲೆಯ ವಿಷಯದಲ್ಲಿ ಮಾತ್ರ ಆ ಮ್ಯಾನೇಜರುಗಳೂ ಅವನ ಸೋಫಾದ ತುದಿಯಲ್ಲಿ ಕೂತು ನೋಟ್ಸ್ ಬರೆದುಕೊಂಡಿದ್ದರು.

ಅಂಥ ಸೋಫಾದ ಮೇಲೆ 2015ರ ಮಾರ್ಚಿನಲ್ಲಿ ನಿವೇದಿತಾ ಬಂದು ಕೂತಳು. ಮೈಸೂರಿನ ಹುಡುಗಿ, ಆಸ್ಟಿನ್ನಿನಲ್ಲಿ ಎಂ.ಎಸ್. ಮುಗಿಸಿ ಅವನದೇ ಕಂಪನಿಗೆ ಸೇರಿದ್ದಳು. ಮೂರು ರೊಟ್ಟಿ ಉಂಡಳು, ನಾಲ್ಕೂ ಪುಟ ಕೇಳಿದಳು, "ಥ್ಯಾಂಕ್ಸ್ ಅಂಕಲ್" ಎಂದು ಕಾಲಿಗೆ ನಮಸ್ಕಾರವನ್ನೂ ಮಾಡಿ ಹೋದಳು. ಒಳ್ಳೆಯ ಹುಡುಗಿ ಎಂದು ಚನ್ನವೀರಪ್ಪ ಹೆಂಡತಿಯ ಮುಂದೆ ಹೊಗಳಿದ.

ಆರು ತಿಂಗಳು ಕಳೆದು ವಾಪಸ್ಸು ಬಂದವಳು ಚಾಕೊಲೇಟ್ ಡಬ್ಬಿ ಕೊಟ್ಟು, "ಅಂಕಲ್, ನಿಮ್ಮ ಲಿಸ್ಟ್‌ನಲ್ಲಿದ್ದ ಎರಡು ಹೋಟೆಲ್ ಮುಚ್ಚಿಬಿಟ್ಟಿದಾರೆ" ಎಂದಳು. ಅದು ಅವನಿಗೆ ಸಣ್ಣಗೆ ಚುಚ್ಚಿತು, ಅವಳೇ ಹೋಗಿ ಮುಚ್ಚಿಸಿ ಬಂದಳೇನೋ ಎಂಬ ಹಾಗೆ. ನಿಜವಾದ ಪೆಟ್ಟು ಬಿದ್ದದ್ದು ಮುಂದಿನ ವಾರ. ಡಲ್ಲಾಸಿನ ಲಾಸ್ ಕೊಲಿನಾಸ್‌ನಲ್ಲಿ ಕೆಲಸ ಮಾಡುವ ಹಳೆಯ ಗೆಳೆಯ ಭೀಮಸೇನ ವಾಟ್ಸಾಪಿನಲ್ಲಿ ಒಂದು ಲಿಂಕ್ ಕಳಿಸಿ, "ಇದನ್ನ ನೋಡಿಯೇನಪಾ? ಭಾರಿ ಮಾಡ್ಯಾಳ ಹುಡುಗಿ" ಎಂದು ಬರೆದಿದ್ದ.

ಚನ್ನವೀರಪ್ಪ ಆಫೀಸಿನ ಪಾರ್ಕಿಂಗ್‌ನಲ್ಲಿ, ಕಾರಿನ ಎಸಿ ಹಾಕಿಕೊಂಡು, ಬುತ್ತಿಯನ್ನು ಪಕ್ಕದ ಸೀಟಿನಲ್ಲೇ ಬಿಟ್ಟು ಅದನ್ನು ತೆರೆದ. ನಿವೇದಿತಾ ಮಾಡಿದ ಸೆಲ್ಲೆಯ ನಕ್ಷೆ. ಅದರ ಮೇಲೆ ಮೂವತ್ತೊಂದು ಕೆಂಪು ಚುಕ್ಕೆ. ಒತ್ತಿದರೆ ಫೋಟೋ, ಬೆಲೆ, ಯಾವ ದಿನ ರಜೆ, ಯಾವುದು ಶುದ್ಧ ಸಸ್ಯಾಹಾರ. ಹೊಳೆಯ ಸೇತುವೆಯ ಆಚೆಗೂ ಹತ್ತು ಚುಕ್ಕೆಗಳಿದ್ದವು. ಅವನು ಎರಡು ವರ್ಷದಲ್ಲಿ ಆ ಸೇತುವೆ ದಾಟಿರಲಿಲ್ಲ. ಅವಳು ಆರು ತಿಂಗಳಲ್ಲಿ ದಾಟಿ, ಉಂಡು, ಫೋಟೋ ತೆಗೆದು ಬಂದಿದ್ದಳು. ಮೇಲ್ಗಡೆ 'ಚನ್ನವೀರಪ್ಪ ಅಂಕಲ್ ಲಿಸ್ಟ್‌ನಿಂದ ಶುರು ಮಾಡಿದ್ದು' ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಅದನ್ನು ಓದಿ ಅವನ ಹೊಟ್ಟೆ ಇನ್ನಷ್ಟು ಉರಿಯಿತು. ಹೆಸರೇ ಬಿಟ್ಟಿದ್ದರೆ ಬೈಯಲು ಒಂದು ಕಾರಣವಾದರೂ ಸಿಗುತ್ತಿತ್ತು.

ಅಂದಿನಿಂದ ಅವನಿಗೆ ಅದೇ ಧ್ಯಾನ. ನಕ್ಷೆಯ ಕೆಳಗೆ ಎಷ್ಟು ಜನ ನೋಡಿದ್ದಾರೆಂಬ ಸಂಖ್ಯೆ ಇರುತ್ತಿತ್ತು. ಅವನು ಬೆಳಿಗ್ಗೆ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ ಅದನ್ನು ತೆಗೆದು ನೋಡುತ್ತಿದ್ದ. ಸಂಖ್ಯೆ ಏರುತ್ತಲೇ ಇತ್ತು. ಅದರಲ್ಲಿ ನೂರಾದರೂ ಅವನೇ ನೋಡಿದ್ದು ಎಂಬುದು ಅವನಿಗೆ ಬಹಳ ತಡವಾಗಿ ಹೊಳೆಯಿತು. ಡಲ್ಲಾಸಿನಲ್ಲಿ ಭೀಮಸೇನನ ಮೊಮ್ಮಗನ ನಾಮಕರಣಕ್ಕೆ ಹೋದಾಗ, ಅವನೆದುರಿಗೇ ಇಬ್ಬರು, ಅಲ್ಲಿಗೆ ಬಂದಿದ್ದ ನಿವೇದಿತಾಳನ್ನು ಹಿಡಿದು ನಿಲ್ಲಿಸಿ "ಆ ಲಿಂಕ್ ಕಳಿಸಮ್ಮಾ" ಎಂದರು. ಚನ್ನವೀರಪ್ಪ ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಹಾಕಿ ಎದ್ದ. ವಾಪಸ್ಸು ಬರುವಾಗ ಕಾರಿನಲ್ಲಿ ಜಯದೇವಿ ಕೇಳಿಯೇಬಿಟ್ಟಳು. "ಆ ಸಣ್ಣ ಹುಡುಗಿ ಮ್ಯಾಗ ನಿಮಗೇನ್ರಿ ಇಷ್ಟು ಸಿಟ್ಟು? ನಿಮ್ಮ ಮಗಳ ವಾರಿಗಿ ಅದಾಳ."

ಅವಳ ನಕ್ಷೆಯಲ್ಲಿ ತಪ್ಪು ಹುಡುಕಿ ಹುಡುಕಿ ಅವನಿಗೆ ಕೊನೆಗೆ ಒಂದು ಸಿಕ್ಕಿತು. ಹೊಳೆದಂಡೆಯ ಹೋಟೆಲಿನಲ್ಲಿ ವಸಂತಕಾಲದಲ್ಲಿ ಮಾತ್ರ ಸಿಗುವ, ನುಗ್ಗೆಕಾಯಿಯಷ್ಟು ಉದ್ದದ ಬಿಳಿಯ ಕಾಂಡವೊಂದಿದೆ. ಸ್ಪಾರ್ಗೆಲ್ ಎನ್ನುತ್ತಾರೆ. ಅದನ್ನು ಬೇಯಿಸಿ, ಆಲೂಗಡ್ಡೆಯ ಜೊತೆ ಇಟ್ಟು, ಮೇಲೊಂದು ಹಳದಿ ಸಾಸ್ ಸುರಿಯುತ್ತಾರೆ. ಚನ್ನವೀರಪ್ಪನ ಪುಟದಲ್ಲಿ ಅದಕ್ಕೆ ನಾಲ್ಕು ನಕ್ಷತ್ರ ಇದ್ದವು. 'ಹಳದಿ ಸಾರು ನಮ್ಮ ಮಜ್ಜಿಗೆ ಸಾರಿನಂತೆ, ಎರಡು ಸಲ ಕೇಳಿ ಹಾಕಿಸಿಕೊಳ್ಳುವುದು' ಎಂದು ಬರೆದಿದ್ದ. ನಿವೇದಿತಾ ಅದೇ ಹೋಟೆಲಿಗೆ, 'ಸಾಸ್ ಬೇಡ ಅನ್ನಿ, ಕರಗಿಸಿದ ಬೆಣ್ಣೆ ಸಾಕು' ಎಂದು ಒಂದೇ ಸಾಲು ಬರೆದು ಮುಗಿಸಿದ್ದಳು. ನಾಲಿಗೆಯ ರುಚಿಯೇ ಗೊತ್ತಿಲ್ಲದವಳು ಊರಿಗೆಲ್ಲ ಊಟ ಹೇಳಲು ಹೊರಟಿದ್ದಾಳೆ ಎಂದು ಅವನಿಗೆ ಒಳಗೊಳಗೇ ಖುಷಿಯಾಯಿತು. ಈ ಮಾತನ್ನು ನಾಲ್ಕು ಜನರ ಮುಂದೆ ಆಡಲು ಅವನು ಕಾದ.

2016ರ ಮಾರ್ಚಿನಲ್ಲಿ ಕಾಲ ಕೂಡಿ ಬಂತು. ಕೇಟಿಯಲ್ಲೇ ಇದ್ದ ವಿಜಯಪುರದ ಶ್ರೀಶೈಲ್‌ಗೆ ಒಂದು ವರ್ಷ ಸೆಲ್ಲೆಗೆ ಹೋಗುವುದೆಂದಾಯಿತು. ಹೆಂಡತಿ ಸೌಂದರ್ಯಾ ಮತ್ತು ತಾಯಿ ಸುಮಿತ್ರವ್ವ ಸಹ ಹೊರಟಿದ್ದರು. ಶ್ರೀಶೈಲ್ ಫೋನ್ ಮಾಡಲಿಲ್ಲ. ಒಂದು ವಾರ ಕಾದು, ಎರಡು ವಾರ ಕಾದು, ಚನ್ನವೀರಪ್ಪ ತಾನೇ ನಾಚಿಕೆ ಬಿಟ್ಟು ಫೋನ್ ಮಾಡಿ ಊಟಕ್ಕೆ ಕರೆದ. ಸೌಂದರ್ಯಾ, "ಅಯ್ಯೋ, ನಿವೇದಿತಾನ ಲಿಂಕ್ ಐತ್ರಿ ಅಣ್ಣಾರ, ನಿಮಗ್ಯಾಕ ತೊಂದ್ರಿ?" ಎಂದಳು. ಅವನು ಹಲ್ಲು ಕಚ್ಚಿಕೊಂಡು, "ಆಕೀನೂ ಕರಕೊಂಡು ಬರ್ರಿ" ಎಂದ.

ಭಾನುವಾರ ಎಲ್ಲರೂ ಬಂದರು. ರೊಟ್ಟಿ ಊಟ ಮುಗಿಯಿತು. ಎಪ್ಪತ್ತು ದಾಟಿದ ಸುಮಿತ್ರವ್ವ ಕೊರಳಲ್ಲಿ ಲಿಂಗ ಕಟ್ಟಿದವಳು. ಮೊಟ್ಟೆ ಇಟ್ಟ ಫ್ರಿಜ್ಜಿನ ನೀರನ್ನೂ ಕುಡಿಯುವವಳಲ್ಲ. ಅವಳು ಓದುವುದು ಕನ್ನಡ ಮಾತ್ರ. ಹಾಗಾಗಿ ಚನ್ನವೀರಪ್ಪನ ಪುಟಗಳನ್ನು ಪ್ರೀತಿಯಿಂದ ಕೈಗೆ ತಗೊಂಡಳು. ಅವನ ಎದೆ ಉಬ್ಬಿತು. ಪುಟಗಳನ್ನು ವಿವರಿಸುತ್ತಾ ಸ್ಪಾರ್ಗೆಲ್‌ನ ಸಾಲು ಬಂದಾಗ ಅವನು ಕನ್ನಡಕ ತೆಗೆದು, ಇಷ್ಟು ತಿಂಗಳು ಬಚ್ಚಿಟ್ಟ ಮಾತನ್ನು ಹೊರಗೆ ತೆಗೆದ.

"ಯವ್ವಾ, ಏಪ್ರಿಲ್‌ದಾಗ ನೀವು ಹೋಗೂದಕ್ಕ ಇದು ಬಂದಿರ್ತೈತಿ. ಹಳದಿ ಸಾರು ಹಾಕಿಸಿಕೊಂಡು ಉಣ್ರಿ. ಈ ನಮ್ಮ ಹುಡುಗಿ ಅದನ್ನ ಬ್ಯಾಡ ಅಂತ ಬರದಾಳ. ಪಾಪ, ರುಚಿ ತಿಳಿಯೂ ವಯಸ್ಸಲ್ಲ."

ಎಲ್ಲರೂ ನಕ್ಕರು. ನಿವೇದಿತಾ ಮಾತ್ರ ನಗಲಿಲ್ಲ.

"ಯಾಕವ್ವಾ, ಚಲೋ ಇಲ್ಲೇನು ಅದು?" ಎಂದು ಸುಮಿತ್ರವ್ವ ಕೇಳಿದಳು.

ನಿವೇದಿತಾ ಚನ್ನವೀರಪ್ಪನ ಮುಖ ನೋಡಿ, "ಚೆನ್ನಾಗಿರತ್ತೆ ಅಜ್ಜಿ. ನಂಗೆ ಒಗ್ಗಲ್ಲ, ಅಷ್ಟೇ" ಎಂದಳು.

ಗೆದ್ದೆ ಎಂದುಕೊಂಡು ಚನ್ನವೀರಪ್ಪ ಮಾವಿನ ಸೀಕರಣೆ ತರಲು ಗರಾಜಿನ ಫ್ರಿಜ್ಜಿಗೆ ಹೋದ. ನಿವೇದಿತಾ ಹಿಂದೆಯೇ ಬಂದಳು.

"ಅಂಕಲ್, ಬೇಜಾರು ಮಾಡ್ಕೋಬೇಡಿ. ಆ ಸಾಸ್‌ನ ಮೊಟ್ಟೆ ಹಳದೀಲೇ ಮಾಡೋದು. ಮಾಂಸ ಇಲ್ಲ ಅಂತ ಅವರು ಹೇಳಿದ್ದು ನಿಜಾನೇ. ನಾವು ಮೊಟ್ಟೆ ಬಗ್ಗೆ ಬೇರೆ ಕೇಳ್ಬೇಕಿತ್ತು."

ಚನ್ನವೀರಪ್ಪ ಸೀಕರಣೆಯ ಪಾತ್ರೆಯನ್ನು ಫ್ರಿಜ್ಜಿನ ಮೇಲಿಟ್ಟ. ಕೇಕಿಗೆ, ಬಿಸ್ಕತ್ತಿಗೆ ಮೊಟ್ಟೆ ಹಾಕಿದೆಯೇ ಎಂದು ಕೇಳಿ ಕೇಳಿ ಕೇಟಿಯ ಅಂಗಡಿಯವರ ತಲೆ ತಿಂದಿದ್ದ ಅವನು ಸಾರಿಗೂ ಯಾರಾದರೂ ಮೊಟ್ಟೆ ಹಾಕಿಯಾರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಹಳದಿ ಎಂದರೆ ಅವನಿಗೆ ಅರಿಶಿಣವೇ. ಎರಡು ವಸಂತ ಅದನ್ನು ಸುರಿಸಿಕೊಂಡು ಉಂಡಿದ್ದ. ಹನ್ನೊಂದು ಮನೆಯವರಿಗೆ ಉಣ್ಣಿಸಿದ್ದ.

"ಮತ್ತ ನೀ ಬರೀಲಿಲ್ಲ ಯಾಕ ಅದನ್ನ?"

"ನಿಮ್ಮ ಲಿಸ್ಟ್ ತಗೊಂಡೋರೆಲ್ಲ ನೋಡ್ತಾರಲ್ಲ ಅಂಕಲ್. ಅಜ್ಜಿಗೆ ನಾನು ಬೆಣ್ಣೆ ಜೀರ್ಣಕ್ಕೆ ಒಳ್ಳೇದು ಅಂತ ಹೇಳ್ತೀನಿ ಬಿಡಿ. ಯಾರಿಗೂ ಗೊತ್ತಾಗಲ್ಲ."

ಅವಳು ಎಲ್ಲರೆದುರು ನಕ್ಕಿದ್ದರೂ, ಮುಖಕ್ಕೆ ಉಗಿದಿದ್ದರೂ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮೂವತ್ತೊಂದು ಹೋಟೆಲುಗಳಲ್ಲಿ ಅವಳು ಅವನನ್ನು ಮೀರಿಸಿದ್ದಳು. ಈಗ ದೊಡ್ಡತನದಲ್ಲೂ ಮೀರಿಸುತ್ತಿದ್ದಳು, ಅದೂ ಅವನದೇ ಗರಾಜಿನಲ್ಲಿ ನಿಂತು. ಇವಳ ದಯೆಯಲ್ಲಿ ತನ್ನ ಮಾನ ಉಳಿಯಬೇಕೇ ಎಂದು ಅವನಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಅವನು ದಡದಡ ಒಳಗೆ ನಡೆದ.

"ಯವ್ವಾ, ಆ ಸಾರು ಉಣ್ಣಬ್ಯಾಡ್ರಿ. ಅದರಾಗ ತತ್ತಿ ಇರ್ತೈತಂತ. ನನಗ ಗೊತ್ತಿರಲಿಲ್ಲ. ಎರಡು ವರ್ಷ ತಿಂದೀನಿ, ಮಂದಿಗೂ ತಿನ್ನಿಸೀನಿ. ಈ ಹುಡುಗಿ ಬರದದ್ದ ಖರೇ."

ಸೌಂದರ್ಯಾ ಸೆರಗು ಬಾಯಿಗೆ ಒತ್ತಿಕೊಂಡಳು. ಶ್ರೀಶೈಲ್ ಕಿಟಕಿಯ ಕಡೆ ನೋಡತೊಡಗಿದ. "ಶಿವನೇ!" ಎಂದಳು ಜಯದೇವಿ. ಸುಮಿತ್ರವ್ವ ನಾಲ್ಕೂ ಪುಟಗಳನ್ನು ಮಡಿಚಿ ಅವನ ಮುಂದಿಟ್ಟಳು.

"ತಿಳೀಲಾರದ ತಿಂದಿ ತಮ್ಮಾ, ಅದಕ್ಕೇನೂ ದೋಷ ಇಲ್ಲ. ಆದ್ರ ನನಗ ಈಗ ಇದು ಬ್ಯಾಡ. ಆಕಿ ಬರದದ್ದು ಕೊಡ್ರಿ. ನನಗ ಇಂಗ್ಲಿಷ್ ಬರಂಗಿಲ್ಲ, ಯಾರರ ಓದಿ ಹೇಳ್ರಿ."

ಹೀಗಾಗುತ್ತದೆಂದು ಅವನಿಗೆ ಗೊತ್ತಿತ್ತು. ತಿರುಗಿ ಬಂದ ಪುಟಗಳನ್ನು ಅಂಗಿಯ ಜೇಬಿಗೆ ತುರುಕಿದ. ಎದ್ದು ಹೋಗಿ ನಿವೇದಿತಾಳ ಪಟ್ಟಿಯನ್ನು ತನ್ನ ಪ್ರಿಂಟರಿನಲ್ಲೇ ಪ್ರಿಂಟ್ ಹಾಕಿದ. ಒಂಬತ್ತು ಹಾಳೆ ಬಂದವು. ನಿವೇದಿತಾ ಓದಲೆಂದು ಕೈ ಚಾಚಿದಳು. ಚನ್ನವೀರಪ್ಪ ಕೊಡಲಿಲ್ಲ.

"ಕೂಡು ನೀ. ನಾನ ಓದತೇನಿ."

ಸುಮಿತ್ರವ್ವನ ಪಕ್ಕದಲ್ಲಿ ಕೂತು, ಇಂಗ್ಲಿಷನ್ನು ವಿಜಯಪುರದ ಕನ್ನಡ ಮಾಡುತ್ತಾ ಒಂದೊಂದೇ ಹೋಟೆಲು ಓದಿದ. ಪ್ರತಿಯೊಂದಕ್ಕೂ ಮುದುಕಿ ಅವನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಳು; ಅವನ ಪಟ್ಟಿಯಲ್ಲಿದ್ದ ಐದು ಮುಗಿದ ಮೇಲೆ ಅವನ ಉತ್ತರವೂ ಒಂದೇ ಆಯಿತು.

"ಇಲ್ಲಿ ನೀ ಉಂಡಿಯೇನು?"

"ಇಲ್ರಿ."

"ಇಲ್ಲಿ?"

"ಇಲ್ರಿ ಯವ್ವಾ."

ಆರನೆಯ ಹಾಳೆಗೆ ಸೇತುವೆಯ ಆಚೆಯ ಹೋಟೆಲುಗಳು ಬಂದವು. ತುರ್ಕಿಯವರೊಬ್ಬರು ಬೇಳೆಯ ಸೂಪು ಮಾಡುತ್ತಾರೆ, ನಿಂಬೆಹಣ್ಣು ಹಿಂಡಿ, ಒಣಮೆಣಸಿನಕಾಯಿ ಉದುರಿಸಿ ಕೊಡುತ್ತಾರೆ, ಎಂದಿತ್ತು. ಚನ್ನವೀರಪ್ಪ ಆ ಸಾಲನ್ನು ಮನಸ್ಸಿನಲ್ಲೇ ಎರಡು ಸಲ ಓದಿದ. ಆ ಎರಡು ಚಳಿಗಾಲ ಅವನು ಬೇಳೆಸಾರು ಸಿಕ್ಕರೆ ಸಾಕು ಎಂದುಕೊಳ್ಳುತ್ತಾ ಒಬ್ಬನೇ ಕೋಣೆಯಲ್ಲಿ ಬ್ರೆಡ್ಡು ತಿಂದು ಮಲಗಿದ್ದ. ಅವನು ಹಾಳೆಯಿಂದ ತಲೆ ಎತ್ತಿ, ಅಂದು ಮೊದಲ ಸಲ ನಿವೇದಿತಾಳನ್ನು ನೇರವಾಗಿ ನೋಡಿದ.

"ಸೇತುವೆ ದಾಟಿ ಎಷ್ಟು ದೂರ ಆಕ್ಕೈತಿ ಇದು?"

"ಐದೇ ನಿಮಿಷ ಅಂಕಲ್, ನಡ್ಕೊಂಡೇ ಹೋಗ್ಬಹುದು" ಎಂದು ಅವಳು ಹೇಳತೊಡಗಿದಳು. ಅವನ ಹೊಟ್ಟೆಯುರಿ ಆರಿರಲಿಲ್ಲ. ಆದರೂ ಸೋಫಾದ ತುದಿಗೆ ಸರಿದು, ಎಡಕ್ಕೆ ಹೊರಳಬೇಕೋ ಬಲಕ್ಕೋ ಎಂದು ಕೇಳಿದ.